ಜಮಾ ಬದಿಯಲ್ಲಿ ಬಿಟ್ಟುಹೋದ ರಾಗಿ

ನೈರೋಬಿಗೆ ಊರಿನಿಂದ ಯಾರೇ ಬರಲಿ, ಎರಡನೆಯ ದಿನ ಒಂದು ಮಾತು ಬಂದೇ ಬರುತ್ತದೆ: 'ಇವರ ಊಟದಲ್ಲಿ ಚೆನ್ನಾಗಿರೋದೆಲ್ಲ ನಮ್ಮದೇ ಕಣ್ರೀ.' ಚಪಾತಿ ನಮ್ಮದು, ಚಾಯ್ ನಮ್ಮದು, ಸಂಬೂಸ ನಮ್ಮದು, ಬಾಜಿಯಾ, ಬಿರಿಯಾನಿ, ಅಚಾರಿ ಎಲ್ಲ ನಮ್ಮವು. ಹಾಗಾದರೆ ಅವರದೇನು? ಉಗಾಲಿ ಎಂಬ ಮೆಕ್ಕೆಜೋಳದ ಸಪ್ಪೆ ಮುದ್ದೆ ಮತ್ತು ಸುಟ್ಟ ಮಾಂಸ. ನಮ್ಮವರ ಹರಟೆಯಲ್ಲೂ, ಸಫಾರಿ ಮುಗಿಸಿ ಹೋದವರು ಬರೆಯುವ ಪ್ರವಾಸ ಕಥನದಲ್ಲೂ ಪೂರ್ವ ಆಫ್ರಿಕದ ಊಟದ ವಿಚಾರ ಇಷ್ಟಕ್ಕೇ ಮುಗಿಯುತ್ತದೆ. ಲೆಕ್ಕ ಪರಿಶೋಧನೆ ನನ್ನ ಕಸುಬು. ಒಂದೇ ಬದಿ ಬರೆದ ಖಾತೆಗೆ ನಾನು ಸಹಿ ಹಾಕುವುದಿಲ್ಲ. ಆದರೆ ಇಲ್ಲಿಗೆ ಬಂದ ಮೊದಲ ಐದಾರು ವರ್ಷ ಈ ಖಾತೆಗೆ ಮಾತ್ರ ಕಣ್ಣುಮುಚ್ಚಿ ಸಹಿ ಹಾಕಿದ್ದೆ.

ಹೇಳುವುದರಲ್ಲಿ ಸುಳ್ಳೇನಿಲ್ಲ ಎನ್ನುವುದೇ ತೊಂದರೆ. ಮಾನ್ಸೂನ್ ಗಾಳಿ ಹಿಡಿದು ಗುಜರಾತಿನ ಹಡಗುಗಳು ಮೊಂಬಾಸಾ, ಜಂಜಿಬಾರ್‌ಗೆ ಶತಮಾನಗಳಿಂದ ಬರುತ್ತಿದ್ದವು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಳಿ ಹಾಕಲು ಬ್ರಿಟಿಷರು 30,000ಕ್ಕೂ ಹೆಚ್ಚು ಭಾರತೀಯರನ್ನು ತಂದರು. ಅವರಲ್ಲಿ ಉಳಿದವರು, ಅವರ ಹಿಂದೆ ಬಂದ ಅಂಗಡಿಕಾರರು ಚಪಾತಿಯನ್ನು ಒಳನಾಡಿಗೆ ಒಯ್ದರು. ಸರಿ, ಇಷ್ಟು ನಮ್ಮ ಹೆಸರಿನಲ್ಲಿ ಬರೆಯೋಣ.

ಒಂದು ಮಧ್ಯಾಹ್ನ ಆಫೀಸಿನ ಕ್ಯಾಂಟೀನಿನಲ್ಲಿ ನಮ್ಮ ತಂಡದ ಕಿರಿಯ ಆಡಿಟರ್ ಒಬ್ಬಳ ತಟ್ಟೆ ನೋಡಿ, 'ಚಪಾತಿ ನಮ್ಮದು ಗೊತ್ತಲ್ಲ' ಎಂದೆ, ತಮಾಷೆಗೆ. ಆಕೆ ನಗಲಿಲ್ಲ. 'ನಿಮ್ಮ ಮನೆಯಲ್ಲಿ ದಿನಾ ಮಾಡುತ್ತಿದ್ದರೇನೋ. ನಮ್ಮ ಮನೆಯಲ್ಲಿ ಕ್ರಿಸ್‌ಮಸ್‌ಗೆ ಮಾತ್ರ. ಮೈದಾ, ಎಣ್ಣೆಗೆ ಅಮ್ಮ ದುಡ್ಡು ಕೂಡಿಡುತ್ತಿದ್ದಳು. ಕೈ ತುಂಬ ಹಿಟ್ಟು ಮಾಡಿಕೊಂಡು ಬೆಳಗಿನಿಂದ ಲಟ್ಟಿಸುತ್ತಿದ್ದಳು. ನಾವು ವರ್ಷವಿಡೀ ಕಾಯುತ್ತಿದ್ದೆವು. ಅದು ನಿಮ್ಮದು ಹೇಗಾಗುತ್ತದೆ?' ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಹಬ್ಬದ ಹೋಳಿಗೆಯನ್ನು ಇನ್ನೊಬ್ಬರು ಬಂದು ತಮ್ಮದೆಂದರೆ ನಮ್ಮಮ್ಮನಿಗೆ ಹೇಗಾಗುತ್ತಿತ್ತು ಎಂದು ಆಮೇಲೆ ಅನ್ನಿಸಿತು.

ಅವಳ ತಟ್ಟೆಯ ಚಪಾತಿ ನಿಜವಾಗಿ ನಮ್ಮ ಚಪಾತಿಯೂ ಅಲ್ಲ. ಎಣ್ಣೆ ಸವರಿ, ಸುರುಳಿ ಸುತ್ತಿ, ಮತ್ತೆ ಲಟ್ಟಿಸಿ ಬೇಯಿಸಿದ ಪದರದ ರೊಟ್ಟಿ. ನಮ್ಮ ಪರೋಟಕ್ಕೆ ಹತ್ತಿರ. ಉಗಾಂಡದವರು ಅದರಲ್ಲಿ ಆಮ್ಲೆಟ್ ಸುತ್ತಿ 'ರೋಲೆಕ್ಸ್' ಎಂದು ಹೆಸರಿಟ್ಟು ಕಂಪಾಲದ ಬೀದಿಬೀದಿಯಲ್ಲಿ ಮಾರುತ್ತಾರೆ. ಸಂಬೂಸದ ಮೇಲಂತೂ ನಮಗೆ ಹಕ್ಕೇ ಇಲ್ಲ, ಅದು ಪರ್ಷಿಯದ ಕಡೆಯಿಂದ ನಮಗೂ ಬಂದದ್ದು. ಚಹಾ? 1903ರಲ್ಲಿ ಲಿಮುರುವಿನಲ್ಲಿ ನೆಟ್ಟ ಮೊದಲ ಗಿಡಗಳು ಭಾರತದಿಂದ ಬಂದವು ನಿಜ. ತಂದವರು ಬ್ರಿಟಿಷರು, ನಮಗೆ ಕುಡಿಯುವ ಚಟ ಹತ್ತಿಸಿದವರೂ ಅವರೇ. ಇಲ್ಲಿ 'ಚಾಯ್' ಎಂದರೆ ಲಂಚ ಎಂಬ ಅರ್ಥವೂ ಇದೆ. ಚಿಲ್ಲರೆ ಖರ್ಚಿನ ಪುಸ್ತಕದಲ್ಲಿ ಚಾಯ್‌ಗೆ ದೊಡ್ಡ ಮೊತ್ತ ಕಂಡರೆ ನಾವು ಆಡಿಟರುಗಳು ಎಷ್ಟು ಕಪ್ ಎಂದು ಕೇಳುವುದಿಲ್ಲ.

ಈಗ ಜಮಾ ಬದಿಗೆ ಬರೋಣ, ನಮಗೆ ಬಂದದ್ದೇನು? ನಾನು ತುಮಕೂರು ಕಡೆಯವನು, ಮುದ್ದೆ ತಿಂದು ಬೆಳೆದವನು. ಆ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಅದರ ಕಾಡು ಪೂರ್ವಜ ಇವತ್ತಿಗೂ ಇಲ್ಲಿ ಬೆಳೆಯುತ್ತದೆ. ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ನಮ್ಮಲ್ಲಿಗೆ ಬಂತು. ಸ್ವಾಹಿಲಿಯಲ್ಲಿ ಅದು ವಿಂಬಿ. ಬೆಳಗ್ಗೆ ಮಕ್ಕಳಿಗೆ ಕುಡಿಸುವ ಉಜಿ ಎಂಬ ಗಂಜಿ, ಟಾಂಜಾನಿಯಾದ ಚಗ್ಗಾ ಜನ ಬಾಳೆಹಣ್ಣಿನ ಜೊತೆ ರಾಗಿ ಮೊಳಕೆಯ ಹಿಟ್ಟು ಸೇರಿಸಿ ಹುಳಿ ಬರಿಸುವ ಎಂಬೆಗೆ ಎಂಬ ಪೇಯ, ಎಲ್ಲದರಲ್ಲೂ ಅದೇ ರಾಗಿ. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಯ ಎದುರು ಗೆಲ್ಲಿಸಿದ ಧಾನ್ಯ, ಕನ್ನಡದ ನೆಲಕ್ಕೇ ಅಂಟಿಕೊಂಡದ್ದು ಎಂದು ನಾವು ಹೆಮ್ಮೆಪಡುವ ಧಾನ್ಯ, ಹೀಗೆ ಇವರಿಂದ ಬಂದದ್ದು. ಅದನ್ನು ಇಲ್ಲಿ ಯಾರೂ 'ನಮ್ಮದು' ಎಂದು ನನ್ನ ತಟ್ಟೆಗೆ ಬೆರಳು ತೋರಿಸಿಲ್ಲ.

ನಾವು 'ಇವರದು' ಎಂದು ಮೂಗು ಮುರಿಯುವ ಮೆಕ್ಕೆಜೋಳವೋ, ಅಮೆರಿಕ ಖಂಡದ್ದು. ಪೋರ್ಚುಗೀಸರ ಕಾಲದಲ್ಲಿ ಬಂದು, ಬ್ರಿಟಿಷರ ಕಾಲದಲ್ಲಿ ರಾಗಿಯನ್ನು ಹಿಂದಕ್ಕೆ ತಳ್ಳಿ ಹಬ್ಬಿತು. ಇನ್ನು ತೊಗರಿ ನಮ್ಮಿಂದ ಇಲ್ಲಿಗೆ ಬಂದದ್ದು. ಮೊಂಬಾಸಾದವರು ಅದನ್ನು ತೆಂಗಿನಹಾಲಿನಲ್ಲಿ ಬೇಯಿಸಿ, ಏಲಕ್ಕಿ ಹಾಕಿ ಕರಿದ ಮಹಾಮ್ರಿಯ ಜೊತೆ ಬೆಳಗಿನ ತಿಂಡಿಗೆ ತಿನ್ನುತ್ತಾರೆ. ಕಲಬುರಗಿ ತೊಗರಿಯ ಕಣಜ ಎಂದು ಹೇಳಿಕೊಳ್ಳುವ ನಾವು ಬೇಳೆ ಸಾಲದೆ ಇವತ್ತು ಟಾಂಜಾನಿಯಾ, ಮೊಜಾಂಬಿಕ್‌ನಿಂದ ಅದೇ ತೊಗರಿ ತರಿಸುತ್ತೇವೆ. ಈ ಖಾತೆಯ ಶಿಲ್ಕು ಯಾರ ಕಡೆ ಎಂದು ಹೇಳಲು ನನ್ನ ಸಿ.ಎ. ಸಾಲದು.

'ಸಸ್ಯಾಹಾರಿಗಳಿಗೆ ಇಲ್ಲಿ ಏನೂ ಸಿಗುವುದಿಲ್ಲ' ಎನ್ನುವುದು ನಮ್ಮ ಇನ್ನೊಂದು ನೆಪ. ಮೆಕ್ಕೆಜೋಳ, ಹುರುಳಿಕಾಯಿ ಬೀಜ ಬೇಯಿಸಿದ ಗಿಥೇರಿ, ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ ಯಾವ ಹೋಟೆಲಿನಲ್ಲೂ ಸಿಗುತ್ತವೆ. ವಾರ ದೂಡು ಎಂಬುದು ಆ ಸೊಪ್ಪಿನ ಹೆಸರಿನ ಅರ್ಥ; ಕೈಯಲ್ಲಿ ಕಾಸಿಲ್ಲದ ದಿನಗಳಿಗೆ ಅದೇ ಗತಿ. ರುಚಿಯ ವಿಷಯದಲ್ಲಿ ಮುಲಾಜಿಲ್ಲದೆ ಹೇಳುತ್ತೇನೆ: ಬಿಳಿ ಉಗಾಲಿ ನನಗೆ ಇವತ್ತಿಗೂ ಸೇರುವುದಿಲ್ಲ.

ಆದರೆ ಹೋದ ವರ್ಷ ಆಡಿಟ್‌ಗೆಂದು ಪಶ್ಚಿಮದ ಕಿಸಿ ಪಟ್ಟಣಕ್ಕೆ ಹೋಗಿದ್ದೆ. ಸಣ್ಣ ಹೋಟೆಲಿನ ಹಿರಿಯ ಹೆಂಗಸು ತಂದಿಟ್ಟ ಉಗಾಲಿ ಕಪ್ಪಗಿತ್ತು, ವಿಂಬಿಯದು. ಪಕ್ಕದಲ್ಲಿ ಸೊಪ್ಪು. ಇಲ್ಲಿಯವರು ತುತ್ತು ಮುರಿದು, ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಅದರಲ್ಲಿ ಸೊಪ್ಪು ಎತ್ತಿಕೊಂಡು ಜಗಿದು ತಿನ್ನುತ್ತಾರೆ. ನಾನು ಅಭ್ಯಾಸಬಲದಿಂದ ಸೊಪ್ಪಿನ ರಸದಲ್ಲಿ ಅದ್ದಿ ಗುಳುಂ ಎಂದು ನುಂಗಿದೆ. ಎರಡನೆಯ ತುತ್ತಿಗೆ ಆಕೆ ಹತ್ತಿರ ಬಂದು, ಹಲ್ಲು ನೋವಾ ಎಂದು ಕೇಳಿದರು.