ಸಿಪ್ಪೆಯ ಕಾವಲಿನಲ್ಲಿ ವರ್ಷದ ಕಾಳು

ಕುಟುಂಬವೊಂದು ವರ್ಷಕ್ಕಾಗುವಷ್ಟು ಆಹಾರವನ್ನು ಮನೆಯಲ್ಲಿ ಕೂಡಿಡಲು ಹೊರಟಾಗ ಇಂದು ಮೊದಲು ಚರ್ಚೆಗೆ ಬರುವುದು ಉಕ್ಕಿನ ಡ್ರಮ್ಮೋ, ಪ್ಲಾಸ್ಟಿಕ್ ಡಬ್ಬವೋ ಎಂಬ ವಿಚಾರ. ಹಳೆ ಮೈಸೂರು ಸೀಮೆಯ ರಾಗಿ ಉಣ್ಣುವ ಮನೆಗಳು ಇದನ್ನು ಇನ್ನೊಂದು ತುದಿಯಿಂದ ಹಿಡಿದಿದ್ದವು. ಯಾವ ಕಾಳನ್ನು ಯಾವ ರೂಪದಲ್ಲಿ, ಅಂದರೆ ಸಿಪ್ಪೆಯೊಡನೆಯೋ, ಒಡೆದೋ, ಬೀಸಿಯೋ ಇಡಬೇಕೆಂಬುದು ಅಲ್ಲಿ ಮೊದಲು ತೀರ್ಮಾನವಾಗುತ್ತಿತ್ತು. ಮಣ್ಣಿನ ವಾಡೆ, ಗುಡಾಣ, ಬಿದಿರು ಹೆಣೆದು ಸಗಣಿ ಮೆತ್ತಿದ ಕಣಜ ಇವೆಲ್ಲ ಆಮೇಲಿನ ಮಾತು. ಈ ಕ್ರಮವೇ ಸರಿಯಾದುದು, ಏಕೆಂದರೆ ಬೀಸಿದ ಹಿಟ್ಟನ್ನು ಎಂಥ ದುಬಾರಿ ಡಬ್ಬದಲ್ಲಿಟ್ಟರೂ ಅದು ಇಡಿಯ ಕಾಳಿನಷ್ಟು ಬಾಳುವುದಿಲ್ಲ.

ದೀರ್ಘಕಾಲದ ದಾಸ್ತಾನಿಗೆ ರಾಗಿಯಷ್ಟು ಒದಗಿಬರುವ ಧಾನ್ಯ ಅಪರೂಪ. ಅದರ ಕಾಳು ತೀರ ಸಣ್ಣದಾದುದರಿಂದ ಅಕ್ಕಿ, ಜೋಳಗಳನ್ನು ಒಳಗಿನಿಂದ ಕೊರೆದು ಬೆಳೆಯುವ ಮೂತಿಹುಳುವಿಗೆ ಅದರೊಳಗೆ ನೆಲೆ ಸಾಲದು. ಕಾಳುಗಳು ಒತ್ತಾಗಿ ಕೂರುವುದರಿಂದ ನುಸಿ ನುಸುಳಲು ಸಂದೂ ಸಿಗದು. ಪಾಲಿಫಿನಾಲ್ ಎಂಬ ಒಗರು ಅಂಶಗಳು ತುಂಬಿದ ಕೆಂಪು ಹೊರಪದರವೂ ಕೀಟಕ್ಕೆ ಹಿಡಿಸದು. ಬರದ ವರ್ಷಕ್ಕೆಂದು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದುದಕ್ಕೆ ಕಾಳಿನ ಈ ಗುಣವೇ ಆಧಾರ.

ಹಗೇವು ಎಂದರೆ ನೀರು ನಿಲ್ಲದ ಎತ್ತರದ ಗಟ್ಟಿ ನೆಲದಲ್ಲಿ, ಒಬ್ಬರು ಇಳಿಯುವಷ್ಟು ಕಿರಿದಾದ ಬಾಯಿ ಬಿಟ್ಟು, ಒಳಗೆ ಹೂಜಿಯ ಹೊಟ್ಟೆಯಂತೆ ಅಗಲವಾಗಿ ತೋಡಿದ ಗುಂಡಿ. ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತಿದ ಮೇಲೆ ಒಳಗಿನ ಕಾಳೂ ಅದರೊಡನೆ ಸೇರಿಕೊಂಡ ಹುಳುಗಳೂ ಉಸಿರಾಡುತ್ತ ಇದ್ದ ಆಮ್ಲಜನಕವನ್ನು ತಾವೇ ಮುಗಿಸುತ್ತವೆ, ಇಂಗಾಲದ ಡೈ ಆಕ್ಸೈಡ್ ಹೆಚ್ಚುತ್ತದೆ, ಉಸಿರಿಲ್ಲದೆ ಹುಳುಗಳು ಸಾಯುತ್ತವೆ. ಹಗೇವಿನ ಬಾಯಿ ತೆರೆದ ಕೂಡಲೇ ಒಳಗಿಳಿದವರ ಪ್ರಾಣಕ್ಕೂ ಇದೇ ಗಾಳಿ ಕುತ್ತು ತರುವುದರಿಂದ, ಬಾಯಿ ತೆರೆದು ಬಹಳ ಹೊತ್ತು ಬಿಟ್ಟ ಹೊರತು ಇಳಿಯಬಾರದೆಂಬ ಎಚ್ಚರ ಹಳ್ಳಿಗಳಲ್ಲಿ ಬಲವಾಗಿತ್ತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ಕ್ಯಾಮರೂನಿನ ಅಲಸಂದೆ ಬೆಳೆಗಾರರಿಗಾಗಿ ರೂಪಿಸಿದ, ಎರಡು ಪಾಲಿಥಿನ್ ಒಳಚೀಲಗಳನ್ನುಳ್ಳ ಮೂರು ಪದರದ ಚೀಲ ದುಡಿಯುವುದೂ ಇದೇ ತತ್ತ್ವದ ಮೇಲೆ. ನಗರದ ಮನೆಯಲ್ಲಿ ಹಗೇವು ತೋಡುವಂತಿಲ್ಲವಾದರೂ ಡ್ರಮ್ಮನ್ನು ಕಂಠಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿ, ತಿಂಗಳಿಗೊಮ್ಮೆ ಮಾತ್ರ ತೆರೆದು ಆ ತಿಂಗಳ ಪಾಲನ್ನು ಸಣ್ಣ ಡಬ್ಬಕ್ಕೆ ವರ್ಗಾಯಿಸಿಕೊಂಡರೆ ಹಗೇವಿನ ಗುಣ ಸ್ವಲ್ಪಮಟ್ಟಿಗೆ ಕೈಗೂಡುತ್ತದೆ. ಅರ್ಧ ತುಂಬಿದ ದೊಡ್ಡ ಡ್ರಮ್ಮಿಗಿಂತ ಪೂರ್ತಿ ತುಂಬಿದ ನಾಲ್ಕು ಸಣ್ಣ ಡ್ರಮ್ಮುಗಳು ಮೇಲು.

ಗಾಳಿ ಕಟ್ಟುವ ಈ ಉಪಾಯ ಫಲಿಸಬೇಕಾದರೆ ಕಾಳು ಒಣಗಿರಲೇಬೇಕು. ತೇವಾಂಶ, ಅಂದರೆ ಕಾಳಿನ ತೂಕದಲ್ಲಿ ನೀರಿನ ಪಾಲು, ಏಕದಳ ಧಾನ್ಯಗಳಲ್ಲಿ ಶೇಕಡ 12ರ ಆಸುಪಾಸಿಗೂ ಬೇಳೆಕಾಳುಗಳಲ್ಲಿ ಅದಕ್ಕಿಂತ ಕೆಳಕ್ಕೂ ಇಳಿದಿರಬೇಕು. ಇಲ್ಲವಾದರೆ ಬಿಗಿಮುಚ್ಚಳವೇ ಶತ್ರುವಾಗಿ, ಹುಳು ಸತ್ತ ಕಡೆ ಬೂಷ್ಟು ಏಳುತ್ತದೆ. ಶೇಂಗಾ ಮತ್ತು ಮೆಕ್ಕೆಜೋಳಗಳಲ್ಲಿ ಏಳುವ ಕೆಲವು ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ, ಯಕೃತ್ತನ್ನು ಕೆಡಿಸುವ ವಿಷವನ್ನು ಉತ್ಪಾದಿಸುತ್ತವೆ. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗದು. ಹಲ್ಲಿನಲ್ಲಿ ಕಚ್ಚಿದಾಗ ಕಟಕ್ಕೆಂದು ಮುರಿಯಬೇಕೆಂಬ ಹಳೆಯ ಪರೀಕ್ಷೆಯ ಜೊತೆಗೆ ಇನ್ನೊಂದು ಸುಲಭದ ಪರೀಕ್ಷೆಯಿದೆ: ಒಣಗಿದ ಗಾಜಿನ ಬಾಟಲಿಯಲ್ಲಿ ಹಿಡಿ ಕಾಳಿಗೆ ಒಂದೆರಡು ಚಮಚ ಒಣ ಪುಡಿಯುಪ್ಪು ಸೇರಿಸಿ ಕುಲುಕಿ, ಕಾಲು ಗಂಟೆ ಬಿಟ್ಟು ನೋಡಿದಾಗ ಉಪ್ಪು ಗಾಜಿಗೆ ಅಂಟಿದ್ದರೆ ತೇವಾಂಶ ಶೇಕಡ 15ನ್ನು ಮೀರಿದೆಯೆಂದು ತಿಳಿದು ಮತ್ತೆ ಬಿಸಿಲಿಗೆ ಹರವಬೇಕು. ಬಿಸಿಲಿನಿಂದ ತೆಗೆದ ಕಾಳನ್ನು ಆರಿದ ಮೇಲೆಯೇ ತುಂಬಬೇಕು, ಡ್ರಮ್ಮನ್ನು ಗೋಡೆಯಿಂದ ದೂರವಾಗಿ ಮರದ ಹಲಗೆಯ ಮೇಲೆ ನಿಲ್ಲಿಸಬೇಕು. ಬಿಸಿ ಕಾಳಿಗೆ ತಣ್ಣನೆಯ ತಗಡು ತಾಗಿದರೆ ಒಳಮೈ ಬೆವರುತ್ತದೆ.

ಇಡಿಯಾಗಿಯೇ ಇಡಬೇಕೆಂಬ ನಿಯಮ ಬೇಳೆಕಾಳುಗಳಲ್ಲಿ ತಲೆಕೆಳಗಾಗುವುದು ಈ ವಿದ್ಯೆಯ ಸ್ವಾರಸ್ಯಗಳಲ್ಲೊಂದು. ಹೆಸರು, ಅಲಸಂದೆ, ತೊಗರಿಗಳನ್ನು ತೂತು ಮಾಡುವ ದುಂಬಿ ಹೊಲದಲ್ಲಿಯೇ ಕಾಯಿಗಳ ಮೇಲೆ ಮೊಟ್ಟೆಯಿಟ್ಟು ಕಾಳಿನೊಡನೆ ಮನೆ ಸೇರುತ್ತದೆ, ನಮ್ಮ ಬೇಸಿಗೆಯ ಸೆಕೆಯಲ್ಲಿ ತಿಂಗಳೊಳಗೆ ಒಂದು ತಲೆಮಾರು ಮುಗಿಸುತ್ತದೆ. ಹೆಣ್ಣುದುಂಬಿ ಮೊಟ್ಟೆಯಿಡಲು ಅರಸುವುದು ಇಡಿಯ ಕಾಳಿನ ನುಣುಪು ಮೈಯನ್ನು. ಸಿಪ್ಪೆ ಹೋಗಿ ಎರಡು ಹೋಳಾದ ಬೇಳೆ ಅದಕ್ಕೆ ಅಷ್ಟಾಗಿ ಒಗ್ಗದು. ಸುಗ್ಗಿಯಲ್ಲಿಯೇ ತೊಗರಿಗೆ ಕೆಮ್ಮಣ್ಣು ಕಟ್ಟಿ, ಒಣಗಿಸಿ, ಬೇಳೆ ಒಡೆದಿಡುತ್ತಿದ್ದ ಮನೆಗಳು ಅಡುಗೆಯ ಅನುಕೂಲದೊಡನೆ ಈ ರಕ್ಷಣೆಯನ್ನೂ ಪಡೆಯುತ್ತಿದ್ದವು. ಹುರುಳಿ, ಹೆಸರುಗಳನ್ನು ಇಡಿಯಾಗಿಯೇ ಇಡಬೇಕಾದಾಗ ಕಿಲೋಗೆ ಒಂದು ಚಮಚದಷ್ಟು ಹರಳೆಣ್ಣೆಯನ್ನು ಕಾಳಿಗೆಲ್ಲ ಹತ್ತುವಂತೆ ಉಜ್ಜುವುದು ಬರಿಯ ನಂಬಿಕೆಯಲ್ಲ: ಎಣ್ಣೆಯ ತೆಳುಪದರ ಮೊಟ್ಟೆಯ ಉಸಿರು ಕಟ್ಟಿಸುತ್ತದೆ. ಬೇವಿನ ಸೊಪ್ಪು, ಲಕ್ಕಿ ಸೊಪ್ಪುಗಳನ್ನು ಇದರ ಜೊತೆಗೆ ಹಾಕಬಹುದೇ ಹೊರತು ಅವನ್ನೇ ನಂಬಿ ಕೂರುವಂತಿಲ್ಲ. ಅಕ್ಕಿಗೆ ಬೋರಿಕ್ ಪುಡಿ ಬೆರೆಸುವ ಅಭ್ಯಾಸವನ್ನಂತೂ ಎಷ್ಟು ಬೇಗ ಬಿಟ್ಟರೆ ಅಷ್ಟು ಒಳ್ಳೆಯದು; ಗೋದಾಮುಗಳಲ್ಲಿ ವಿಷಗಾಳಿ ಎಬ್ಬಿಸಲು ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಜನವಾಸದ ಮನೆಯೊಳಗೆ ಬರಲೇಕೂಡದು.

ಅಕ್ಕಿಯ ವಿಷಯ ಚಿಕ್ಕದು. ಹೊಟ್ಟಿನೊಳಗಿನ ಭತ್ತ ಬಾಳುತ್ತದೆ, ಪಾಲಿಶ್ ಮಾಡಿದ ಅಕ್ಕಿ ನುಸಿಯನ್ನು ದೂರವಿಟ್ಟರೆ ಬಾಳುತ್ತದೆ, ಹಳತಾದಷ್ಟೂ ಅನ್ನ ಉದುರುದುರಾಗುವುದರಿಂದ ಅದಕ್ಕೆ ಬೆಲೆಯೂ ಹೆಚ್ಚು. ಆರೋಗ್ಯದ ದೃಷ್ಟಿಯಿಂದ ಕೊಳ್ಳುವ, ತೌಡು ಉಳಿದ ಪಾಲಿಶ್ ಇಲ್ಲದ ಅಕ್ಕಿಯೊಂದೇ ಇಲ್ಲಿ ಬಾಳಿಕೆಯಿಲ್ಲದ ವಸ್ತು. ತೌಡಿನ ಎಣ್ಣೆ ಗಾಳಿಗೆ ಕಮಟುವುದರಿಂದ ಅದನ್ನು ಎರಡು ಮೂರು ತಿಂಗಳಿಗಿಂತ ಹೆಚ್ಚು ಕೂಡಿಡದಿರುವುದೇ ಮೇಲು.

ಪ್ರಮಾಣಕ್ಕೆ ಒಂದು ಆಧಾರ ಬೇಕೆಂದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ 2000 ಕಿಲೋಕ್ಯಾಲರಿಯ ದಿನದೂಟಕ್ಕೆ 250 ಗ್ರಾಂ ಧಾನ್ಯವನ್ನೂ 85 ಗ್ರಾಂ ಬೇಳೆಕಾಳನ್ನೂ (ಮೊಟ್ಟೆ, ಮಾಂಸ ತಿನ್ನುವವರಿಗೆ ಅದರಲ್ಲಿಯೇ ಅವೂ ಸೇರಿ) ಹೇಳುತ್ತದೆ. ನಾಲ್ವರ ಮನೆಗೆ ಇದು ವರ್ಷಕ್ಕೆ 365 ಕಿಲೋ ಧಾನ್ಯ, ಸುಮಾರು 124 ಕಿಲೋ ಬೇಳೆಕಾಳು. ಮೈಮುರಿದು ದುಡಿಯುವವರಿಗೆ ಇದು ಸಾಲದು, ಚಿಕ್ಕ ಮಕ್ಕಳಿಗೆ ಹೆಚ್ಚು. ಈ ಲೆಕ್ಕವನ್ನು ಒಂದೇ ಬಾರಿ ಪೇಟೆಯಲ್ಲಿ ಕೊಂಡು ತುಂಬುವುದಕ್ಕಿಂತ ಆಯಾ ಸುಗ್ಗಿಯಲ್ಲಿ ಆಯಾ ಕಾಳನ್ನು ಕೊಂಡು, ಮುಂಗಾರಿಗೆ ಮೊದಲಿನ ಬಿಸಿಲಿನಲ್ಲಿ ಒಮ್ಮೆ ಎಲ್ಲವನ್ನೂ ಒಣಗಿಸಿ, ಡ್ರಮ್ಮಿನ ಮೇಲೆ ತುಂಬಿದ ತಿಂಗಳು ಬರೆದು, ಹಳೆಯದನ್ನು ಮೊದಲು ಖಾಲಿ ಮಾಡುವುದು ಉಚಿತ. ಮನೆಯವರು ದಿನವೂ ಉಣ್ಣದ ಧಾನ್ಯವನ್ನು ಆಪತ್ಕಾಲಕ್ಕೆಂದು ಪ್ರತ್ಯೇಕವಾಗಿ ಇಡುವುದು ನುಸಿಗೆ ಊಟ ಬಡಿಸಿಟ್ಟಂತೆಯೇ ಸರಿ.

ಇನ್ನುಳಿದದ್ದು ಗಿರಣಿಯ ಸರದಿ. ಬೀಸಿದೊಡನೆ ಕಾಳಿನ ಕೊಬ್ಬು, ಅದನ್ನು ಒಡೆಯುವ ಕಿಣ್ವ ಮತ್ತು ಗಾಳಿ ಒಂದೆಡೆ ಸೇರುವುದರಿಂದ ಹಿಟ್ಟಿನ ಆಯುಸ್ಸನ್ನು ಧಾನ್ಯದ ಕೊಬ್ಬೇ ನಿರ್ಧರಿಸುತ್ತದೆ. ಕೊಬ್ಬು ಶೇಕಡ 2ನ್ನೂ ಮುಟ್ಟದ ರಾಗಿಯ ಹಿಟ್ಟು ತಿಂಗಳ ಮಟ್ಟಿಗೆ ನಿಲ್ಲುತ್ತದೆ. ಶೇಕಡ 5ರಷ್ಟು ಕೊಬ್ಬಿರುವ ಸಜ್ಜೆಯ ಹಿಟ್ಟು ಒಂದೆರಡು ವಾರಗಳಲ್ಲಿಯೇ ಕಹಿಯೇರಿ ರೊಟ್ಟಿಯನ್ನು ಕೆಡಿಸುತ್ತದೆ. ಆದ್ದರಿಂದ ಸಜ್ಜೆ ರೊಟ್ಟಿ ತಟ್ಟುವ ಮನೆಗಳು ವಾರಕ್ಕೆ ಬೇಕಾದಷ್ಟನ್ನೇ ಬೀಸಿಸಿಕೊಂಡು, ಬಿಸಿ ಹಿಟ್ಟನ್ನು ಹರವಿ ಆರಿಸಿದ ಮೇಲೆ ಡಬ್ಬಕ್ಕೆ ತುಂಬುವುದು ಒಳ್ಳೆಯದು.