ಕಾಯಾಕೊಯ್: ಸೂರಿಲ್ಲದ ಊರನ್ನು ನೋಡುವ ಬಗೆ

ತುರ್ಕಿಯ ನೈಋತ್ಯ ಕರಾವಳಿಯ ಫೆತಿಯೆ ಪಟ್ಟಣದ ದಕ್ಷಿಣಕ್ಕೆ, ಕೆಲವೇ ಕಿಲೋಮೀಟರ್ ದೂರದ ಗುಡ್ಡದ ಇಳಿಜಾರಿನಲ್ಲಿ, ಕಾಯಾಕೊಯ್ ಎಂಬ ಊರಿನ ನೂರಾರು ಕಲ್ಲುಮನೆಗಳು ಸೂರಿಲ್ಲದೆ ನಿಂತಿವೆ. ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರು ಲೆವಿಸ್ಸಿ ಎಂದು ಕರೆಯುತ್ತಿದ್ದ ಈ ಊರನ್ನು ಮೊದಲ ಮಹಾಯುದ್ಧದ ಕಾಲದ ಗಡೀಪಾರುಗಳು ಮತ್ತು 1919ರಿಂದ 1922ರವರೆಗಿನ ಗ್ರೀಕ್–ತುರ್ಕಿ ಯುದ್ಧ ಹಂತಹಂತವಾಗಿ ಬರಿದು ಮಾಡಿದವು. 1923ರ ಜನವರಿಯಲ್ಲಿ ಲೊಸಾನ್‌ನಲ್ಲಿ ಸಹಿಯಾದ ಜನವಿನಿಮಯ ಒಪ್ಪಂದ, ಅಂದರೆ ಎರಡು ದೇಶಗಳು ತಮ್ಮ ಅಲ್ಪಸಂಖ್ಯಾತರನ್ನು ಕಡ್ಡಾಯವಾಗಿ ಅದಲುಬದಲು ಮಾಡಿಕೊಳ್ಳುವ ಕರಾರು, ಮರಳುವ ದಾರಿಯನ್ನೂ ಮುಚ್ಚಿತು. ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿನ ಪಾಲಾದರು, ನಾಲ್ಕು ಲಕ್ಷದ ಆಸುಪಾಸು ಮುಸ್ಲಿಮರು ತುರ್ಕಿಯ ಪಾಲಾದರು. ವಿಂಗಡಣೆಗೆ ಧರ್ಮವೊಂದೇ ಅಳತೆಗೋಲಾದುದರಿಂದ, ತುರ್ಕಿ ಭಾಷೆಯನ್ನಷ್ಟೇ ಬಲ್ಲ ಕ್ರೈಸ್ತರು ಗ್ರೀಸಿಗೂ ಗ್ರೀಕ್ ಮಾತಾಡುವ ಕ್ರೀಟ್ ದ್ವೀಪದ ಮುಸ್ಲಿಮರು ತುರ್ಕಿಗೂ ಹೋಗಬೇಕಾಯಿತು.

ಪಾಳುಬಿದ್ದ ಊರುಗಳನ್ನು ಅರಸಿ ಹೋಗುವವರು ಇಲ್ಲಿ ಸಾಮಾನ್ಯವಾಗಿ ಎರಡು ದೊಡ್ಡ ಚರ್ಚುಗಳನ್ನು ನೋಡಿ, ಗುಡ್ಡದ ಮೇಲಿನಿಂದ ಛಾಯಾಚಿತ್ರ ತೆಗೆದು ಹಿಂದಿರುಗುತ್ತಾರೆ. ನಿಜವಾದ ಓದು ಇರುವುದು ಮನೆಗಳಲ್ಲಿ. ಒಂದು ಮನೆಯ ಗೋಡೆ ಇನ್ನೊಂದರ ಬೆಳಕಿಗೆ ಅಡ್ಡಬರದಂತೆ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿರುವ ಕ್ರಮ, ಗೋಡೆಯಲ್ಲಿ ಉಳಿದಿರುವ ಒಲೆಯ ಗೂಡು, ಅಲ್ಲಲ್ಲಿ ಇನ್ನೂ ಮಾಸದ ಸುಣ್ಣದ ನೀಲಿ, ಇವೆಲ್ಲಕ್ಕಿಂತ ಮುಖ್ಯವಾಗಿ ಮಳೆನೀರನ್ನು ಹಿಡಿದಿಡುತ್ತಿದ್ದ ನೆಲದಡಿಯ ಗಾರೆ ತೊಟ್ಟಿಗಳು, ನೀರಿನ ಆಸರೆಯಿಲ್ಲದ ಗುಡ್ಡವನ್ನೇ ಈ ಜನ ಆರಿಸಿಕೊಂಡದ್ದೇಕೆ ಎಂಬುದಕ್ಕೆ ಉತ್ತರದ ಸುಳಿವು ಕೊಡುತ್ತವೆ. ಕೆಳಗಿನ ಬಯಲು ಬೇಸಾಯದ ನೆಲ. ಅದನ್ನು ಮನೆ ಕಟ್ಟಿ ಕಳೆದುಕೊಳ್ಳುವುದು ಯಾರಿಗೂ ಲಾಭದ ಮಾತಾಗಿರಲಿಲ್ಲ. ಗುಡ್ಡದ ಕ್ರೈಸ್ತರಲ್ಲಿ ಕುಶಲಕರ್ಮಿಗಳೂ ವ್ಯಾಪಾರಿಗಳೂ ಹೆಚ್ಚು, ಬಯಲಿನ ಮುಸ್ಲಿಮರಲ್ಲಿ ಒಕ್ಕಲುತನದವರು ಹೆಚ್ಚು. ಒಬ್ಬರ ದುಡಿಮೆ ಇನ್ನೊಬ್ಬರಿಗೆ ಬೇಕಾಗಿತ್ತು.

ಈ ಹೊಂದಾಣಿಕೆಯನ್ನು ಗಮನಿಸದವರಿಗೆ ಊರು ಮತ್ತೆ ತುಂಬದೆ ಉಳಿದದ್ದು ಒಗಟಾಗಿಯೇ ಕಾಣುತ್ತದೆ. ಗ್ರೀಸಿನಿಂದ ಬಂದ ಮುಸ್ಲಿಮ್ ನಿರಾಶ್ರಿತರಲ್ಲಿ ಬಹುಪಾಲು ಮಂದಿ ಹೊಲ ಉತ್ತು ಬದುಕಿದವರಾದ್ದರಿಂದ, ಬೆನ್ನಿಗೆ ಗದ್ದೆಯಿಲ್ಲದ ಈ ಕಲ್ಲಿನ ಇಳಿಜಾರು ಅವರಿಗೆ ಒಗ್ಗಲಿಲ್ಲ. ದೆವ್ವದ ಊರು ಎಂಬ ಪ್ರವಾಸಿ ಕೈಪಿಡಿಗಳ ಹಣೆಪಟ್ಟಿ ಇಂಥ ಸರಳ ಕಾರಣವನ್ನು ಮರೆಮಾಡುತ್ತದೆ ಎಂಬುದೇ ಅದರ ಮೇಲಿನ ಮುಖ್ಯ ಆಕ್ಷೇಪ. ತೊಲೆ, ಬಾಗಿಲು, ಕಿಟಕಿಗಳ ಮರವನ್ನು ಕ್ರಮೇಣ ಬೇರೆಡೆಗೆ ಸಾಗಿಸಲಾಯಿತು. 1957ರ ಭೂಕಂಪ ಉಳಿದದ್ದನ್ನು ಇನ್ನಷ್ಟು ಸಡಿಲಿಸಿತು. ಆದಕಾರಣ ಈಗ ಕಾಣುವ ಹಾಳನ್ನೆಲ್ಲ ಯುದ್ಧದ ಲೆಕ್ಕಕ್ಕೆ ಬರೆಯುವುದು ತಪ್ಪಾಗುತ್ತದೆ.

ನಡು ಮಧ್ಯಾಹ್ನದ ಬಿಸಿಲಿನಲ್ಲಿ ಗೋಡೆಗಳೆಲ್ಲ ಒಂದೇ ಬಣ್ಣಕ್ಕೆ ತಿರುಗುವುದರಿಂದ ಬೆಳಗಿನ ಹೊತ್ತು ಲೇಸು. ತೊಟ್ಟಿಗಳ ಬಾಯಿ ಹುಲ್ಲಿನಲ್ಲಿ ಮುಚ್ಚಿಹೋಗಿರಬಹುದಾದ್ದರಿಂದ ಕಾಲಿಡುವ ಮುನ್ನ ನೆಲವನ್ನು ನೋಡುವುದು ಅಗತ್ಯ. ಪೈನ್ ಮರಗಳ ನಡುವೆ ಗುಡ್ಡ ದಾಟಿ ಓಲುದೆನಿಜ್ ಕಡಲತೀರಕ್ಕೆ ಇಳಿಯುವ ಕಾಲುದಾರಿಯೂ ಇಲ್ಲಿಂದಲೇ ಹೊರಡುತ್ತದೆ. ಹೊರಟುಹೋದವರ ಜಾಡು ಹಿಡಿಯಬೇಕೆನ್ನುವವರು ಮಾತ್ರ ಸಮುದ್ರ ದಾಟಿ, ಅಥೆನ್ಸ್ ಬಳಿಯ ನೆಯಾ ಮಾಕ್ರಿಗೆ ಹೋಗಬೇಕು. ಮಾಕ್ರಿ ಎಂಬುದು ಫೆತಿಯೆಯ ಹಳೆಯ ಹೆಸರಾಗಿದ್ದು, ಈ ಸೀಮೆಯ ನಿರಾಶ್ರಿತರು ನೆಲೆಗೊಂಡ ಆ ಹೊಸ ಊರು ಇಂದು ಜನಭರಿತ ಪಟ್ಟಣವಾಗಿದೆ.