ಲಕ್ಷಣವೂ ಲಕ್ಷ್ಯವೂ: ಜೀನ್ ಆಂಟಾಲಜಿಯ ಮೌನಕಾರಕ ಸಂಕೀರ್ಣಗಳು

ಪದಕೋಶದ ಬೆಲೆ ಅದರ ಲಕ್ಷಣವಾಕ್ಯಗಳಿಂದ ಗೊತ್ತಾಗುವುದು. ಹಣ್ಣಿನ ನೊಣ, ಇಲಿ, ಯೀಸ್ಟ್ ಎಂಬ ಮೂರು ಜೀವಿಗಳ ದತ್ತಾಂಶಗಳನ್ನು ಬೇರೆ ಬೇರೆಯಾಗಿ ಸಂಗ್ರಹಿಸುತ್ತಿದ್ದ ವಿದ್ವಾಂಸರು ೧೯೯೮ರಲ್ಲಿ ಕೂಡಿ ಆರಂಭಿಸಿದ ‘ಜೀನ್ ಆಂಟಾಲಜಿ’ಯು ಸಮಸ್ತ ಜೀವಿಗಳಿಗೂ ಸಲ್ಲುವ ಏಕಪರಿಭಾಷೆಯನ್ನು ಕಟ್ಟಲು ಹೊರಟ ಕೋಶ. ಅದರಲ್ಲಿ ಪ್ರತಿಯೊಂದು ವಿಶೇಷಪದವೂ ಒಂದು ಸಾಮಾನ್ಯಪದದ ಕೆಳಗೆ ನಿಲ್ಲುತ್ತದೆ. ಮೇಲಿನದರ ಧರ್ಮವೆಲ್ಲವೂ ಕೆಳಗಿನದಕ್ಕೆ ಸಲ್ಲಲೇಬೇಕು. ಆದುದರಿಂದ ಒಂದು ವಾಕ್ಯದ ದೋಷವು ಅಲ್ಲಿಯೇ ನಿಲ್ಲದೆ ಅದರ ಸಂತತಿಗೆಲ್ಲ ಹಬ್ಬುತ್ತದೆ. ವಂಶವಾಹಿಗಳನ್ನು ಮೌನಗೊಳಿಸುವ ಪ್ರೋಟೀನ್ ಸಂಕೀರ್ಣಗಳ ನಿರ್ವಚನಗಳು ಈ ದೃಷ್ಟಿಯಿಂದ ಪರೀಕ್ಷಾರ್ಹವಾಗಿವೆ.

ಲಕ್ಷಣದೋಷಗಳು ಮೂರೆಂದು ತಾರ್ಕಿಕರ ಮತ. ಹಸುವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿದು ಅವ್ಯಾಪ್ತಿ. ಕೊಂಬೇ ಲಕ್ಷಣವೆಂದರೆ ಎಮ್ಮೆಯೂ ಒಳಸೇರಿ ಅತಿವ್ಯಾಪ್ತಿ. ಒಂಟಿ ಗೊರಸೆಂದರೆ ಯಾವ ಹಸುವಿಗೂ ಸಲ್ಲದೆ ಅಸಂಭವ. ಮೂರನೆಯದು ಇಲ್ಲಿ ಪ್ರಸಕ್ತವಲ್ಲ.

‘ರಿಸ್ಕ್’ ಎಂಬ ಸಂಕೀರ್ಣವನ್ನು ೨೦೦೦ದಲ್ಲಿ ಹ್ಯಾಮಂಡ್, ಹ್ಯಾನನ್ ಮೊದಲಾದವರು ಹಣ್ಣಿನ ನೊಣದ ಜೀವಕೋಶಗಳಲ್ಲಿ ಗುರುತಿಸಿ ಹೆಸರಿಟ್ಟರು. ಕಿರಿದಾದ ಆರ್‌ಎನ್‌ಎ ತುಣುಕೊಂದು ದಾರಿ ತೋರಿಸಲು, ಅದಕ್ಕೆ ಹೊಂದುವ ಸಂದೇಶವಾಹಕ ಆರ್‌ಎನ್‌ಎಯನ್ನು ಸಂಕೀರ್ಣವು ಕತ್ತರಿಸುವುದು. ಕೋಶದ ಹಳೆಯ ನಿರ್ವಚನವು ಈ ಕತ್ತರಿಸುವಿಕೆಯನ್ನೇ ಲಕ್ಷಣವಾಗಿ ಹಿಡಿಯಿತು. ಮೊದಲು ಕಂಡ ನೊಣಕ್ಕೆ ಅದು ಹೊಂದಿತು. ಮನುಷ್ಯನಲ್ಲಿಯೋ ಆಗೊ ಎಂಬ ಆರ್ಗೊನಾಟ್ ಪ್ರೋಟೀನುಗಳು ನಾಲ್ಕು. ಅವುಗಳಲ್ಲಿ ಎರಡನೆಯದಕ್ಕೆ ಕತ್ತರಿಸುವ ಶಕ್ತಿಯುಂಟೆಂದು ೨೦೦೪ರಲ್ಲಿ ಸಿದ್ಧವಾಯಿತು. ಅದು ಕೂಡ ಮೈಕ್ರೋ ಆರ್‌ಎನ್‌ಎಯೊಡನಿರುವಾಗ ಸಾಮಾನ್ಯವಾಗಿ ಕತ್ತರಿಸದೆ, ಸಂದೇಶದಿಂದ ಪ್ರೋಟೀನ್ ಹುಟ್ಟುವುದನ್ನು ತಡೆದು ಸಂದೇಶದ ಕ್ಷಯಕ್ಕೆ ಕಾರಣವಾಗುತ್ತದೆ. ಕಪಿಲವರ್ಣದ ಕಥೆಯೇ ಇದು. (ಆರ್ಗೊನಾಟ್ ಎಂಬ ಹೆಸರಾದರೋ ೧೯೯೮ರಲ್ಲಿ ಅರಾಬಿಡಾಪ್ಸಿಸ್ ಗಿಡದ ವಿಕೃತ ಎಲೆಗಳು ಒಂದು ಕಡಲಜೀವಿಯನ್ನು ಹೋಲಿದುದರಿಂದ ಬಂದುದು, ವ್ಯುತ್ಪತ್ತಿಯನ್ನು ನಂಬಿ ವಸ್ತುವನ್ನರಿಯಲು ಹೊರಡುವವರು ನೆನೆಯತಕ್ಕ ಸಂಗತಿ.)

‘ರಿಟ್ಸ್’ ಎಂಬುದರ ನಿರ್ವಚನವು ಇನ್ನೂ ವಿಚಾರಾರ್ಹ. ೨೦೦೪ರಲ್ಲಿ ವರ್ಡೆಲ್ ಮೊದಲಾದವರು ಸ್ಕಿಜೋಸ್ಯಾಕರೋಮೈಸಿಸ್ ಪೊಂಬೆ ಎಂಬ ಯೀಸ್ಟಿನಲ್ಲಿ ಕಂಡ ಈ ಸಂಕೀರ್ಣದಲ್ಲಿ ಆಗೊ-೧, ಸಿಎಚ್‌ಪಿ-೧, ಟಾಸ್-೩ ಎಂಬ ಮೂರು ಪ್ರೋಟೀನುಗಳಿವೆ. ಕೋಶಕಾರರು ಇವನ್ನು ಸಾಮಾನ್ಯಗೊಳಿಸಲು ಯತ್ನಿಸಿ, ಹೆಟರೊಕ್ರೊಮ್ಯಾಟಿನ್ ರಚನೆಗೆ ಬೇಕಾದುದು, ಆರ್ಗೊನಾಟ್ ಸಜಾತೀಯವೊಂದನ್ನೂ ಕ್ರೋಮೊಡೊಮೈನ್ ಉಳ್ಳ ಪ್ರೋಟೀನೊಂದನ್ನೂ ಇನ್ನೊಂದಾದರೂ ಪ್ರೋಟೀನನ್ನೂ ಒಳಗೊಂಡುದು ಎಂಬರ್ಥ ಬರುವಂತೆ ಬರೆದರು. ಮೊದಲೆರಡು ಘಟಕಗಳು ಸಾರ್ಥಕ. ಕ್ರೋಮೊಡೊಮೈನು ಹಿಸ್ಟೋನಿನ ಮೆಥಿಲ್ ಗುರುತನ್ನು ಹಿಡಿಯುವುದರಿಂದ ಸಂಕೀರ್ಣಕ್ಕೆ ನೆಲೆ ದೊರೆಯುತ್ತದೆ. ಇನ್ನೊಂದು ಪ್ರೋಟೀನ್ ಎಂಬುದೋ, ಗಂಗೆದೊಗಲನ್ನೂ ಇನ್ನಾವುದೋ ಅವಯವವನ್ನೂ ಉಳ್ಳದ್ದು ಹಸು ಎಂದಂತೆ. ಟಾಸ್-೩ಕ್ಕೆ ಸಾಮಾನ್ಯನಾಮ ದೊರೆಯದಿದ್ದಾಗ ಅದರ ಸ್ಥಳವನ್ನು ಬರಿದೆ ತುಂಬಿದ ಮಾತು ಅದು. ಹಾಗೆಂದು ಘಟಕಗಳನ್ನೆಲ್ಲ ಕಿತ್ತು ಕಾರ್ಯವನ್ನಷ್ಟೇ ಉಳಿಸಿದರೂ ಆಗದು. ಅದೇ ಯೀಸ್ಟಿನಲ್ಲಿ ಆಗೊ-೧ ಎಂಬುದು ಆರ್ಬ್-೧, ಆರ್ಬ್-೨ಗಳೊಡನೆ ಸೇರಿ ಬೇರೊಂದು ಸಂಕೀರ್ಣವಾಗುವುದೆಂದು ೨೦೦೭ರಲ್ಲಿ ತಿಳಿಯಿತು. ಹೆಟರೊಕ್ರೊಮ್ಯಾಟಿನ್ ರಚನೆಗೆ ಅದೂ ಬೇಕು. ಎಮ್ಮೆ ಒಳಬಂದಂತೆಯೇ ಆಯಿತು.

ರೊಟ್ಟಿ ಹುದುಗಿಸುವ ಯೀಸ್ಟಿನಲ್ಲಿ ಆರ್ಗೊನಾಟೇ ಇಲ್ಲ. ಸರ್-೨, ಸರ್-೩, ಸರ್-೪ ಕೂಡಿ ಹಿಸ್ಟೋನುಗಳ ಅಸಿಟೈಲ್ ಗುಂಪನ್ನು ಕಳೆದು ಅಲ್ಲಿ ಮೌನವನ್ನುಂಟುಮಾಡುತ್ತವೆ. ಫಲ ಸಮಾನ, ಕುಲ ಬೇರೆ. ಆದುದರಿಂದ ಮೌನವೊಂದನ್ನೇ ನೋಡಿ ವರ್ಗ ಕಟ್ಟಲಾಗದು.

ಆರ್‌ಎನ್‌ಎ ಮಾರ್ಗದ ಸಂಕೀರ್ಣಗಳಿಗೆ ಮೇಲ್ಪದವಾಗಿ ರಚಿತವಾದ ನಿರ್ವಚನದಲ್ಲಿ, ತಿಳಿದ ಉದಾಹರಣೆಗಳಲ್ಲಿ ಬಹುಪಾಲಿಗೆ ಆರ್ಗೊನಾಟ್ ಉಂಟೆಂಬ ಅಭಿಪ್ರಾಯ ಸೇರಿತ್ತು. ‘ಬಹುಪಾಲು’ ಟೀಕೆಯಲ್ಲಿ ಇರತಕ್ಕ ಮಾತು, ಲಕ್ಷಣದಲ್ಲಿ ಅದಕ್ಕೆ ಸ್ಥಳವಿಲ್ಲ. ಆರ್ಗೊನಾಟ್ ಕುಟುಂಬದ ಪ್ರೋಟೀನ್, ಅದು ಹಿಡಿದ ಸಣ್ಣ ಆರ್‌ಎನ್‌ಎ, ಆ ಆರ್‌ಎನ್‌ಎಯ ಅನುಕ್ರಮದಿಂದ ಗುರಿಯ ನಿರ್ಣಯ ಎಂಬಿಷ್ಟನ್ನು ಸಾಮಾನ್ಯಲಕ್ಷಣವಾಗಿಟ್ಟು, ಕತ್ತರಿಸುವುದನ್ನೂ ಕ್ರೊಮ್ಯಾಟಿನ್ ಮಾರ್ಪಾಡನ್ನೂ ವಿಶೇಷಪದಗಳಿಗೆ ಬಿಡುವುದು ಯುಕ್ತ. ಟಾಸ್-೩ರಂಥ ಹೆಸರುಗಳಿಗೆ, ಒಂದೊಂದು ಜೀವಿಯ ಸಂಕೀರ್ಣವನ್ನೂ ಪ್ರತ್ಯೇಕವಾಗಿ ದಾಖಲಿಸುವ ‘ಕಾಂಪ್ಲೆಕ್ಸ್ ಪೋರ್ಟಲ್’, ‘ಪ್ರೋಟೀನ್ ಆಂಟಾಲಜಿ’ಗಳಲ್ಲಿ ಎಡೆಯುಂಟು. ಪ್ರಯೋಗ ನಡೆಯದ ಜೀವಿಗಳ ಪ್ರೋಟೀನುಗಳಿಗೆ ಹೋಲಿಕೆಯ ಬಲದಿಂದಲೇ ಈ ಪದಗಳನ್ನು ಅನ್ವಯಿಸುವ ರೂಢಿಯಿದೆ. ಲಕ್ಷಣದಲ್ಲಿ ಕತ್ತರಿ ಉಳಿದುಕೊಂಡರೆ, ಯಾರೂ ಪರೀಕ್ಷಿಸದ ಜೀವಿಯೊಂದರ ಆರ್ಗೊನಾಟಿಗೂ ಅದು ಕೋಶದಿಂದಲೇ ಪ್ರಾಪ್ತವಾಗುವುದು.